ಉದ್ದ ತೋಳಿನ ಹ್ಯಾಂಡಲು

"ಮಿಷನ್ನಿಗೆ ಕೂರೋರು ಯಾರಮ್ಮ? ನೀವೊಬ್ಬರೇನಾ, ಇಲ್ಲ ಇಬ್ಬರೂನಾ?"

ರಿಪೇರಿಯವನು ಇದನ್ನು ಕೇಳಿದ್ದು ದರ್ಜಿ ಸೊಂಟದ ಅಳತೆ ಕೇಳುವಷ್ಟು ಸಹಜವಾಗಿ. ಕೇಳುತ್ತಲೇ ಅವನು ಎಣ್ಣೆ ಹೀರಿ ಕಪ್ಪಾದ ಬಟ್ಟೆಯೊಂದನ್ನು ಮೇಜಿನ ಮೇಲೆ ಹಾಸಿ, ಅದರ ಮೇಲೆ ಮೂರು ಹ್ಯಾಂಡಲುಗಳನ್ನು ಸಾಲಾಗಿ ಇಟ್ಟ. ಉದ್ದಮ್ಮನಿಗೆ ಮಾತ್ರ ಆ ಪ್ರಶ್ನೆ ಉಗುರಿನ ಸಂದಿಗೆ ಸಿಬಿರು ಹೊಕ್ಕ ಹಾಗಾಯಿತು. ಅವಳು ಹ್ಯಾಂಡಲುಗಳ ಮೇಲಿನ ಕಣ್ಣು ತೆಗೆಯಲಿಲ್ಲ. ಪಕ್ಕದಲ್ಲಿ ಸೊಸೆ ಮುರಿದ ಹಳೆಯ ಹ್ಯಾಂಡಲಿನ ತುಂಡುಗಳನ್ನು ಕಾಗದದಲ್ಲಿ ಸುತ್ತಿ, ಪೆಟ್ಟಾದ ಹಕ್ಕಿಯನ್ನು ತಂದವಳ ಹಾಗೆ ಎದೆಗೊತ್ತಿಕೊಂಡು ನಿಂತಿದ್ದಳು.

ಉದ್ದಮ್ಮ ಅನ್ನುವುದು ಬೀದಿಯವರು ಇಟ್ಟ ಹೆಸರು. ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದ ಹೆಂಗಸು ಆ ಬೀದಿಯಲ್ಲಿ ಅವಳೊಬ್ಬಳೇ. ಗಂಡ ಅವಳ ಭುಜದ ಮಟ್ಟಕ್ಕೆ ಬರುತ್ತಿದ್ದ. ಇಬ್ಬರೂ ಜೊತೆಯಲ್ಲಿ ಹೊರಟರೆ "ಕೊಡೆ ತನ್ನ ಯಜಮಾನನ್ನ ಕರ್ಕೊಂಡು ಹೊರಟಿದೆ ನೋಡ್ರೋ" ಎಂದು ನೆರೆಯವರು ನಗುತ್ತಿದ್ದರು. ಮಗನಿಗೆ ಇನ್ನೂ ಮಾತು ಸರಿಯಾಗಿ ಬಾರದಿದ್ದಾಗಲೇ ಗಂಡ ತೀರಿಕೊಂಡ. ಅವನು ಬಿಟ್ಟುಹೋದದ್ದು ಒಂದು ಕೋಣೆ, ಒಂದು ಅಡುಗೆಮನೆ, ಕಾಲುಚೀಲ ಹೆಣೆಯುವ ಒಂದು ಮಿಷನ್ನು.

ಮಿಷನ್ನೆಂದರೆ ದೊಡ್ಡದೇನಲ್ಲ, ಮೇಜಿನ ಅಂಚಿಗೆ ಬಿಗಿದು ಕೂರಿಸುವಂಥದ್ದು. ಮುಷ್ಟಿ ಹಿಡಿಸುವಷ್ಟು ಅಗಲದ ಒಂದು ಕಬ್ಬಿಣದ ಕೊಳವೆ, ಅದರ ಸುತ್ತ ನೆಟ್ಟಗೆ ನಿಂತ ಕೊಕ್ಕೆಸೂಜಿಗಳು, ಪಕ್ಕಕ್ಕೆ ಹ್ಯಾಂಡಲು. ತಿರುಗಿಸಿದರೆ ಸೂಜಿಗಳು ಒಂದರ ಹಿಂದೊಂದು ಎದ್ದು ಮುಳುಗಿ ನೂಲನ್ನು ಕುಣಿಕೆ ಮಾಡುತ್ತವೆ, ಕೊಳವೆಯ ಕೆಳಗಿನಿಂದ ಕಾಲುಚೀಲ ಇಳಿಯುತ್ತದೆ. ಕಣಕಾಲಿನ ಭಾಗವನ್ನು ಯಾರು ಬೇಕಾದರೂ ತಿರುಗಿಸಬಹುದು. ಹಿಮ್ಮಡಿ ಬಂದಾಗ ಮಾತ್ರ ಕೈ ಪಳಗಿರಬೇಕು. ಅರ್ಧ ಸೂಜಿಗಳನ್ನು ಮೇಲೆತ್ತಿ, ಹ್ಯಾಂಡಲನ್ನು ಪೂರ್ತಿ ಸುತ್ತಿಸದೆ, ತೊಟ್ಟಿಲು ತೂಗಿದ ಹಾಗೆ ಹಿಂದಕ್ಕೂ ಮುಂದಕ್ಕೂ ಆಡಿಸಬೇಕು. ಎಳೆತ ಕೊಂಚ ಹೆಚ್ಚಾದರೂ ಕುಣಿಕೆ ಜಾರಿ ಹಿಮ್ಮಡಿಯ ಮೂಲೆಯಲ್ಲಿ ತೂತು ಬೀಳುತ್ತದೆ.

ಆ ಮಿಷನ್ನಿನ ಮುಂದೆ ಕೂತೇ ಉದ್ದಮ್ಮ ಮಗನನ್ನು ಸಾಕಿದಳು, ಓದಿಸಿದಳು, ಟೈರಿನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಸಿದಳು, ಮದುವೆ ಮಾಡಿದಳು. ನೆಂಟರ ಮುಂದೆ ಕೈ ಚಾಚಲಿಲ್ಲ. "ನನ್ನ ಕೈ ಆಡೋತನಕ ನನಗೆ ಯಾರ ಹಂಗೂ ಇಲ್ಲ" ಅನ್ನುವುದು ಅವಳ ಬಾಯಲ್ಲಿ ಸದಾ ಇರುವ ಮಾತು. ಅವಳ ಕೈಯ ಕಾಲುಚೀಲದಲ್ಲಿ ಹಿಮ್ಮಡಿಯ ಎರಡೂ ಮೂಲೆಗೆ ಒಂದೊಂದು ಸಣ್ಣ ತೂತು ಇರುತ್ತಿತ್ತು, ಸಾಸಿವೆ ಕಾಳಿನಷ್ಟು. ಆಮೇಲೆ ಕೈಸೂಜಿಯಲ್ಲಿ ಮುಚ್ಚುತ್ತಿದ್ದಳು. ಈ ಕೆಲಸ ಅಂದರೆ ಹಾಗೇ ಎಂದು ಅವಳೂ ನಂಬಿದ್ದಳು, ಕೊಳ್ಳುವವರೂ ನಂಬಿದ್ದರು.

ಸೊಸೆ ಬಂದಳು. ಗಿಡ್ಡ ಹುಡುಗಿ, ಮಾತು ಕಡಿಮೆ. ಮೊದಮೊದಲು ಕಾಲುಚೀಲದ ತುದಿ ಹೊಲಿಯುವ ಕೆಲಸ ಮಾಡಿಕೊಂಡಿದ್ದಳು. ಒಮ್ಮೆ ಉದ್ದಮ್ಮ ಜ್ವರ ಹಿಡಿದು ಮಲಗಿದಾಗ, ಒಪ್ಪಿಕೊಂಡ ಕೆಲಸ ನಿಲ್ಲಬಾರದೆಂದು ಸೊಸೆಯನ್ನು ಮಿಷನ್ನಿಗೆ ಕೂರಿಸಲೇಬೇಕಾಯಿತು. ಹಾಸಿಗೆಯಿಂದಲೇ ಒಂದೊಂದಾಗಿ ಹೇಳಿಕೊಟ್ಟಳು. ಹೇಳಿಕೊಟ್ಟ ಮೇಲೆ ಗೋಡೆಯ ಕಡೆ ತಿರುಗಿ, ಎಲ್ಲಿ ಸೂಜಿ ತಾಕೀತು, ಎಲ್ಲಿ ಕೈ ತಡೆದೀತು ಎಂದು ಕಿವಿ ನಿಮಿರಿಸಿಕೊಂಡು ಮಲಗಿದಳು. ಮಿಷನ್ನು ಒಂದೇ ಸಮ ಓಡುತ್ತಿತ್ತು.

ಮುಂದಿನ ಸಲ ಮಾಲು ಎತ್ತಲು ಬಂದ ಸಗಟು ಅಂಗಡಿಯವನು ಒಂದು ಕಾಲುಚೀಲವನ್ನು ಒಳಮಗ್ಗುಲು ಹೊರಗೆ ಮಾಡಿ, ಹಿಮ್ಮಡಿಯನ್ನು ಎರಡು ಹೆಬ್ಬೆರಳಿನ ನಡುವೆ ಹಿಗ್ಗಿಸಿ ಬೆಳಕಿಗೆ ಹಿಡಿದ.

"ಇದು ಯಾರ ಕೈ?"

"ಯಾಕಪ್ಪಾ, ಏನಾಗಿದೆ?"

"ಏನೂ ಆಗಿಲ್ಲ, ಅದಕ್ಕೇ ಕೇಳಿದ್ದು. ಮೂಲೇಲಿ ತೂತೇ ಇಲ್ಲವಲ್ಲ!" ಅವನು ಒಳಗೆ ಇಣುಕಿ ಸೊಸೆಯನ್ನು ನೋಡಿ ನಕ್ಕ. "ಉದ್ದಮ್ಮ, ನಿಮ್ಮ ಸೊಸೆ ನಿಮ್ಮನ್ನೇ ಮೀರಿಸಿಬಿಟ್ಟಳು ಬಿಡಿ. ಇನ್ನು ನೀವು ಕಾಲು ಚಾಚಿ ಕೂತ್ಕೋಬಹುದು."

"ಕಲಿಸಿದೋಳು ನಾನಲ್ವಾ?" ಎಂದು ಉದ್ದಮ್ಮ ಅವನಿಗಿಂತ ಜೋರಾಗಿ ನಕ್ಕಳು. ಅವನು ಹೋದ ಮೇಲೆ, ಉಳಿಸಿಕೊಂಡಿದ್ದ ಒಂದು ಕಾಲುಚೀಲವನ್ನು ಕಿಟಕಿಯ ಹತ್ತಿರ ಒಯ್ದು ಎಳೆದು, ಹಿಗ್ಗಿಸಿ, ಬೆರಳು ತೂರಿಸಿ ನೋಡಿದಳು. ಒಂದು ತೂತಾದರೂ ಸಿಗಲಿ ಎಂದು ಹುಡುಕಿದಳು. ಸಿಗಲಿಲ್ಲ.

ಕಾಲು ಚಾಚಿ ಕೂರುವುದು ಅಂದರೆ ಏನೆಂದು ಅವಳಿಗೆ ಗೊತ್ತಿತ್ತು. ಬೀದಿಯಲ್ಲಿ ಅಂಥವರು ಎಷ್ಟು ಜನ ಇಲ್ಲ? ಬಾಗಿಲ ಪಕ್ಕ ಒಂದು ಕುರ್ಚಿ, ಕೇಳಿದರೆ ಒಂದು ಲೋಟ ಚಹಾ. ಬಂದವರು ಒಳಗಿನವರ ಹತ್ತಿರ ಮಾತಾಡಿ, ಹೋಗುವಾಗ "ಚೆನ್ನಾಗಿದೀರಾ?" ಎಂದು ಕೇಳಿ ಉತ್ತರಕ್ಕೂ ನಿಲ್ಲದೆ ಹೋಗುತ್ತಾರೆ. ಆ ಕುರ್ಚಿ ತನಗಾಗಿ ಎಲ್ಲೋ ತಯಾರಾಗುತ್ತಿದೆ ಎಂದು ಅವಳಿಗೆ ಅನ್ನಿಸತೊಡಗಿತ್ತು. ಜ್ವರ ಬಿಟ್ಟ ಮೇಲೂ ಸೊಸೆ ಆಗಾಗ ಮಿಷನ್ನಿಗೆ ಕೂರುತ್ತಿದ್ದಳು. ಅಷ್ಟರಲ್ಲಿ ಹ್ಯಾಂಡಲು ಮುರಿಯಿತು. ಮುರಿದದ್ದು ಅವಳ ಕೈಯಲ್ಲೇ. ಅದಕ್ಕೆ ಮೊದಲೇ ಸೊಸೆ "ಅತ್ತೆ, ಇಲ್ಲೊಂದು ಬಿರುಕು ಬಿಟ್ಟಿದೆ" ಎಂದು ತೋರಿಸಿದ್ದಳು. "ಅದು ನಿನಗಿಂತ ಮುಂಚಿಂದ ಇದೆ ಕಣೇ" ಎಂದು ಇವಳು ಬಾಯಿ ಮುಚ್ಚಿಸಿದ್ದಳು. ಮಗ ಬಂದು ಏನಾಯಿತೆಂದಾಗ ಉದ್ದಮ್ಮ ಹೇಳಿದ್ದು ಬೇರೆ: "ಒಂದು ಮಿಷನ್ನಿಗೆ ಇಬ್ಬರು ಕೂತರೆ ಇನ್ನೇನಾಗತ್ತೆ?" ಸೊಸೆ ಕೇಳಿಸಿಕೊಂಡಳು. ಮುರಿದ ತುಂಡುಗಳನ್ನು ಆರಿಸಿ ಕಾಗದದಲ್ಲಿ ಸುತ್ತಿದಳು.

ಈಗ ರಿಪೇರಿಯವನ ಮೇಜಿನ ಮೇಲೆ ಮೂರು ಹ್ಯಾಂಡಲುಗಳಿದ್ದವು. ಮೊದಲನೆಯದು ಮೋಟು ತೋಳಿನದು. "ಇದು ಬೇಗ ಸುತ್ತತ್ತೆ, ಆದರೆ ಬಿಗಿ. ನಿಮಗೆ ಬೇಡ" ಎಂದು ಅವನೇ ಅದನ್ನು ಪಕ್ಕಕ್ಕೆ ಸರಿಸಿದ. ಕೊನೆಯದು ಉದ್ದ ತೋಳಿನದು, ದಪ್ಪ ಮರದ ಹಿಡಿ. ನಡುವಿನದರ ತೋಳಿನಲ್ಲಿ ಉದ್ದಕ್ಕೂ ಒಂದು ಸೀಳು ಬಿಟ್ಟಿತ್ತು. ಹಿಡಿಯನ್ನು ಆ ಸೀಳಿನಲ್ಲಿ ಹಿಂದೆ ಮುಂದೆ ಜರುಗಿಸಿ ನಟ್ಟಿನಿಂದ ಬಿಗಿ ಮಾಡಬಹುದಾಗಿತ್ತು.

"ಇದು ನಾನೇ ಮಾಡಿದ್ದು" ಎಂದ ರಿಪೇರಿಯವನು ಆ ನಡುವಿನದನ್ನು ಎತ್ತಿ. "ನೀವು ಕೂತಾಗ ಹಿಡೀನ ಆಚೆ ತಳ್ಳಿ. ಇವರು ಕೂತಾಗ ಈಚೆ ಎಳ್ಕೊಳ್ಳಲಿ. ಇಬ್ಬರ ಕೈಗೂ ಕೂರತ್ತೆ. ನೋಡೀಮ್ಮ, ನೋಡಿ" ಎಂದು ಸೊಸೆಯ ಕಡೆ ಚಾಚಿದ.

ಮೇಜಿನ ಅಂಚಿಗೆ ಹ್ಯಾಂಡಲು ಹಾಕಿ ನೋಡಲೆಂದೇ ಒಂದು ಖಾಲಿ ಚಕ್ರ ಇತ್ತು. ಸೊಸೆ ಕೈಯಲ್ಲಿದ್ದ ಪೊಟ್ಟಣವನ್ನು ಕೆಳಗಿಟ್ಟು, ಹಿಡಿಯನ್ನು ತನ್ನ ಕಡೆಗೆ ಜರುಗಿಸಿ ತಿರುಗಿಸಿದಳು. ಮೊದಲು ಪೂರ್ತಿ ಸುತ್ತು, ಆಮೇಲೆ ಹಿಂದಕ್ಕೆ ಮುಂದಕ್ಕೆ. ಮೊಣಕೈ ಪಕ್ಕೆಗೆ ಒರಗಿಕೊಂಡೇ ಇತ್ತು, ಮಣಿಕಟ್ಟಷ್ಟೇ ಆಡಿತು. ಅವಳ ಮುಖ ಬಿಚ್ಚಿಕೊಂಡಿತು. ಮದುವೆಯಾಗಿ ಬಂದ ಮೇಲೆ ಆ ಮುಖದಲ್ಲಿ ಉದ್ದಮ್ಮ ಹಾಗೆ ಸಂತೋಷ ಕಂಡದ್ದು ಅದೇ ಮೊದಲು.

"ಅತ್ತೆ, ಇದು ತುಂಬಾ ಚೆನ್ನಾಗಿದೆ. ನೀವೂ ನೋಡಿ."

ಉದ್ದಮ್ಮ ನೋಡಿದಳು. ಹಿಡಿಯನ್ನು ಆಚೆಯ ತುದಿಗೆ ತಳ್ಳಿ ತಿರುಗಿಸಿದಳು. ಚೆನ್ನಾಗಿಯೇ ಇತ್ತು. ಆಡಿಸಿದಷ್ಟೂ ಚೆನ್ನಾಗಿತ್ತು.

"ಲೊಡಲೊಡ ಅನ್ನತ್ತೆ" ಎಂದಳು.

"ಎಲ್ಲಿ ಅನ್ನತ್ತಮ್ಮ?"

"ನಟ್ಟು ಇದ್ದ ಮೇಲೆ ಇವತ್ತಲ್ಲ ನಾಳೆ ಸಡಿಲ ಆಗೇ ಆಗತ್ತೆ. ಹಿಮ್ಮಡಿ ನಡುವೆ ಕಳಚ್ಕೊಂಡ್ರೆ ನೀನು ಬಂದು ಕುಣಿಕೆ ಎತ್ತಿಕೊಡ್ತೀಯಾ?" ಅವಳು ಉದ್ದ ತೋಳಿನದನ್ನು ಕೈಗೆತ್ತಿಕೊಂಡಳು. ಚಕ್ರಕ್ಕೆ ಹಾಕಿ ದೊಡ್ಡದಾಗಿ ಒಂದು ಸುತ್ತು ತಿರುಗಿಸಿದಳು. "ಇದು ಹಗುರ. ಇದೇ ಇರಲಿ."

ರಿಪೇರಿಯವನು ಕನ್ನಡಕವನ್ನು ಹಣೆಗೇರಿಸಿದ. "ಹಗುರ ಏನೋ ಹೌದು. ಆದರೆ ಸುತ್ತು ದೊಡ್ಡದು, ಪೂರ್ತಿ ಭುಜದಿಂದ ಆಡಿಸಬೇಕು. ನಿಮ್ಮ ವಯಸ್ಸಿಗೆ ದಿನಾ ಅಷ್ಟು ಆಡಿಸಿದರೆ ಭುಜ ಹಿಡ್ಕೊಳ್ಳತ್ತೆ. ಮತ್ತೆ ಇವರಿಗೆ..." ಅವನು ಸೊಸೆಯ ಎತ್ತರವನ್ನು ಕಣ್ಣಲ್ಲೇ ಅಳೆದ. "ಇವರಿಗೆ ಎಟಕಲ್ಲ."

"ಕೂರೋದು ನಾನು."

ರಿಪೇರಿಯವನು ಸೊಸೆಯ ಮುಖ ನೋಡಿದ. ಅವಳು ಪೊಟ್ಟಣವನ್ನು ಮತ್ತೆ ಕೈಗೆ ತೆಗೆದುಕೊಂಡಿದ್ದಳು.

"ಅತ್ತೆಗೆ ಹೇಗೆ ಬೇಕೋ ಹಾಗೆ" ಎಂದಳು.

ಹೊಸ ಹ್ಯಾಂಡಲು ಹಾಕಿದ ಮರುದಿನ ಉದ್ದಮ್ಮ ತಾನಾಗಿಯೇ ಸೊಸೆಯನ್ನು ಕರೆದಳು. "ಬಾ, ನೀನೂ ಒಂದು ಕೈ ನೋಡು. ಆಮೇಲೆ ಅತ್ತೆ ಮುಟ್ಟಕ್ಕೂ ಬಿಡಲಿಲ್ಲ ಅನ್ನಬೇಡ." ಸೊಸೆ ಕೂತಳು. ಹಿಡಿ ಮೇಲಕ್ಕೆ ಹೋದಾಗ ಅವಳು ಸ್ಟೂಲಿನಿಂದ ಏಳಬೇಕಾಯಿತು, ಕೆಳಕ್ಕೆ ಬಂದಾಗ ಬಗ್ಗಬೇಕಾಯಿತು. ಹಿಮ್ಮಡಿಗೆ ಬಂದು ಹಿಂದಕ್ಕೆಳೆದಾಗ ಹಿಡಿ ನೇರವಾಗಿ ಪಕ್ಕೆಲುಬಿಗೆ ಬಡಿಯಿತು. ಕುಣಿಕೆಗಳು ಸಾಲಾಗಿ ಜಾರಿದವು. ಅವಳು ಅವನ್ನು ಒಂದೊಂದಾಗಿ ಸೂಜಿಗೆ ಏರಿಸಿ, ಸರಿಮಾಡಿ, ಎದ್ದಳು.

"ಬಿಡು, ನಿನಗಾಗಲ್ಲ" ಎಂದಳು ಉದ್ದಮ್ಮ. ಹೇಳುವಾಗ ಒಳಗೆ ಏನೋ ತಣ್ಣಗಾಯಿತು. ಆ ದಿನ ಅವಳ ಕೈ ಲೀಲಾಜಾಲವಾಗಿ ಓಡಿತು. ಮೂಲೆಯ ತೂತುಗಳು ಎಂದಿನಂತೆ ಬಂದವು, ಎಂದಿನಂತೆ ಅವನ್ನು ಮುಚ್ಚಿದಳು.

ಕೆಲವು ದಿನ ಕಳೆದು ಒಂದು ಮಧ್ಯಾಹ್ನ ಸೊಸೆ ಪಾತ್ರೆ ತೊಳೆದ ಒದ್ದೆ ಕೈಯಲ್ಲೇ ಬಂದು ಮಿಷನ್ನಿನ ಪಕ್ಕ ನಿಂತಳು. "ಅತ್ತೆ, ಒಂದು ಮಾತು ಕೇಳಲಾ?"

"ಮಿಷನ್ ವಿಷಯ ಬಿಟ್ಟು ಏನು ಬೇಕಾದ್ರೂ ಕೇಳು."

ಸೊಸೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ "ಸಾರಿಗೆ ಉಪ್ಪು ಸರಿಯಾಗಿತ್ತಾ ಅಂತ" ಎಂದು ಹೇಳಿ ಒಳಗೆ ಹೋದಳು.

ಅದಾದ ಮೇಲೆ ಅವಳು ತುದಿ ಹೊಲಿಯುವುದನ್ನಷ್ಟೇ ಮಾಡಿದಳು. ಬಳಿಕ ಅದೂ ನಿಂತಿತು. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಮಗನೇ ಬಂದು ತಾಯಿಗೆ ಹೇಳಿದ. ಉದ್ದಮ್ಮ ಮೂಗು ಮುರಿದಳು. "ಹೋಗಲಿ, ಹೊರಗಿನ ಗಾಳಿ ಬೇಕಾಗಿದೆ ಅವಳಿಗೆ." ನಾಲ್ಕು ದಿನಕ್ಕೆ ಬಿಟ್ಟು ಬರುತ್ತಾಳೆ ಎಂದು ಲೆಕ್ಕ ಹಾಕಿದ್ದಳು. ಸೊಸೆ ಬಿಟ್ಟು ಬರಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಬೇರೆಯವರ ಹೊಲಿಗೆಯನ್ನು ನೋಡಿ ಸರಿ ತಪ್ಪು ಹೇಳುವ ಮೇಜಿಗೆ ಅವಳನ್ನು ಕೂರಿಸಿದರು. ಈಗ ಬೆಳಿಗ್ಗೆ ಅಡುಗೆ ಮುಗಿಸಿ, ಅತ್ತೆಯ ಊಟ ಮುಚ್ಚಿಟ್ಟು, ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡೇ ಹೊರಡುತ್ತಿದ್ದಳು. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ನಿಂತು ನಗುತ್ತಿದ್ದಳು. ಆ ನಗು ಕಿಟಕಿಯೊಳಗೆ ಮಿಷನ್ನಿನ ತನಕ ಕೇಳಿಸುತ್ತಿತ್ತು.

ಮನೆಯಲ್ಲಿ ತುದಿ ಹೊಲಿಯದ ಕಾಲುಚೀಲಗಳು ಬುಟ್ಟಿಯಲ್ಲಿ ಬಾಯಿ ತೆರೆದುಕೊಂಡು ಬಿದ್ದಿರುತ್ತಿದ್ದವು. ಉದ್ದಮ್ಮನೇ ಹೊಲಿಯಲು ಕೂತರೆ ಕಣ್ಣು ಸಹಕರಿಸುತ್ತಿರಲಿಲ್ಲ. ಚಳಿ ಶುರುವಾಗಿ ಸಗಟು ಅಂಗಡಿಯವನು ಹೆಚ್ಚು ಮಾಲು ಕೇಳುವ ಹೊತ್ತಿಗೆ ರಿಪೇರಿಯವನು ಹೇಳಿದ್ದು ನಿಜವಾಯಿತು. ಬಲಭುಜ ಮೊದಲು ಕುಟುಕಿತು, ಆಮೇಲೆ ಉರಿಯಿತು, ಕೊನೆಗೆ ಕೈ ಕಿವಿಯ ಮಟ್ಟಕ್ಕೂ ಏಳದಾಯಿತು. ಅವಳು ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದು ಹ್ಯಾಂಡಲು ಸುತ್ತಿಸುತ್ತಿದ್ದಳು. ಮಗ, ಸೊಸೆ ಬರುವ ಹೊತ್ತಿಗೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಏನೂ ಆಗದವಳ ಹಾಗೆ ನೂಲಿನ ಉಂಡೆ ಸುತ್ತುತ್ತಾ ಕೂತಿರುತ್ತಿದ್ದಳು.

ಸಗಟು ಅಂಗಡಿಯವನು ಬಂದು ಮಾಲು ನೋಡಿ ಮುಖ ಗಂಟಿಕ್ಕಿದ. "ಏನು ಉದ್ದಮ್ಮ, ಹಿಮ್ಮಡಿಯೆಲ್ಲಾ ಜರಡಿ ಆಗಿದೆಯಲ್ಲ! ಸೊಸೇನ ಕೂರಿಸಿ. ಇಲ್ಲಾಂದ್ರೆ ನಾನು ಬೇರೆ ಕಡೆ ನೋಡ್ಕೋಬೇಕಾಗತ್ತೆ, ಬೇಜಾರು ಮಾಡ್ಕೋಬೇಡಿ."

ಆ ಸಂಜೆ ಅವಳು ಮಗನಿಗೆ ಹೇಳಿದಳು, "ಅವಳಿಗೆ ಹೇಳೋ, ಕೆಲಸದಿಂದ ಬಂದು ಸ್ವಲ್ಪ ಹೊತ್ತು ಕೂರಲಿ. ಮನೆ ಮಿಷನ್ನು ತಾನೇ."

"ನೀನೇ ಹೇಳಮ್ಮ" ಎಂದ ಮಗ, ಟೈರಿನ ಮಸಿ ಕೂತ ಉಗುರುಗಳನ್ನು ನೋಡಿಕೊಳ್ಳುತ್ತಾ. "ನಿಮ್ಮಿಬ್ಬರ ನಡುವೆ ನನ್ನ ಯಾಕೆ ತಂದು ಹಾಕ್ತೀಯಾ?"

ಉದ್ದಮ್ಮ ಎರಡು ದಿನ ಮಾತನ್ನು ಬಾಯಲ್ಲೇ ಇಟ್ಟುಕೊಂಡು ಓಡಾಡಿ, ಕೊನೆಗೆ ಸೊಸೆ ತರಕಾರಿ ಹೆಚ್ಚುತ್ತಿದ್ದಾಗ, ಅವಳ ಮುಖ ನೋಡದೆ ಹೇಳಿದಳು.

ಸೊಸೆ ಚಾಕು ನಿಲ್ಲಿಸಿದಳು. "ನನ್ನ ಕೈಗೆ ಎಟಕಲ್ಲವಲ್ಲ ಅತ್ತೆ. ಅದು ನಿಮ್ಮ ಅಳತೆಗೆ ತಂದಿದ್ದು."

ಉದ್ದಮ್ಮ ಆ ದನಿಯಲ್ಲಿ ಕೊಂಕು ಹುಡುಕಿದಳು. ಕೊಂಕಿದ್ದಿದ್ದರೆ ಒಳ್ಳೆಯದಿತ್ತು, ಜಗಳ ತೆಗೆದು, ಕೂಗಾಡಿ, ಅತ್ತು, ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಆ ಹುಡುಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಮತ್ತೆ ಹೆಚ್ಚಲು ಶುರುಮಾಡಿದ್ದಳು.

ಮರುದಿನ ಎಲ್ಲರೂ ಹೊರಟ ಮೇಲೆ ಅವಳು ಉದ್ದ ಹ್ಯಾಂಡಲನ್ನು ಕಳಚಿ ಚೀಲಕ್ಕೆ ಹಾಕಿಕೊಂಡು ರಿಪೇರಿಯವನ ಅಂಗಡಿಗೆ ಹೋದಳು. ಚೀಲವನ್ನು ಎಡಗೈಯಲ್ಲಿ ಹಿಡಿದಿದ್ದನ್ನು ಅವನು ನೋಡಿದ. ಸ್ಟೂಲು ಎಳೆದು ಕೊಟ್ಟ.

"ಆ ಸೀಳಿಂದು ಇತ್ತಲ್ಲಪ್ಪಾ, ಹಿಡಿ ಜರುಗೋದು. ಅದು ಇದೆಯಾ, ಹೋಯ್ತಾ?"

"ಎಲ್ಲಿ ಹೋಗತ್ತಮ್ಮ? ಕೇಳೋರು ಯಾರಿದ್ದಾರೆ?" ಅವನು ಡಬ್ಬಿಯೊಂದರ ತಳದಿಂದ ಅದನ್ನು ತೆಗೆದು ಧೂಳೊರೆಸಿದ. "ನಿಮ್ಮ ಸೊಸೆ ಮತ್ತೆ ಬರಲೇ ಇಲ್ಲ."

"ಮತ್ತೆ ಅಂದ್ರೆ?"

"ಬಂದಿದ್ದರಲ್ಲ! ನೀವು ಉದ್ದದ್ದು ತಗೊಂಡು ಹೋಗಿ ಸ್ವಲ್ಪ ದಿನಕ್ಕೇ. ಇದೇ ಜಾಗದಲ್ಲಿ ನಿಂತ್ಕೊಂಡು, ಆ ತೋಳಿನ ನಡುವೆ ಇನ್ನೊಂದು ತೂತು ಕೊರೆಯಕ್ಕಾಗತ್ತಾ ಅಂತ ಕೇಳಿದ್ರು. ಅತ್ತೆ ಕೂತಾಗ ಹಿಡೀನ ಆಚೆ ತೂತಿಗೆ ಹಾಕ್ಕೊಳ್ಳಲಿ, ಅವರು ಎದ್ದ ಮೇಲೆ ನಾನು ಈಚೆಗೆ ಹಾಕ್ಕೋತೀನಿ, ಅವರಿಗೆ ಏನೂ ತೊಂದರೆ ಆಗಬಾರದು ಅಂದ್ರು. ಆಗತ್ತೆ, ತನ್ನಿ ಅಂದೆ. ಅತ್ತೇನ ಒಂದು ಮಾತು ಕೇಳಿ ತರ್ತೀನಿ ಅಂತ ಹೋದೋರು..." ಅವನು ಕೈ ತಿರುಗಿಸಿದ. "ನೀವು ಬೇಡ ಅಂದಿರಬೇಕು ಅಂದ್ಕೊಂಡೆ."

ಉದ್ದಮ್ಮನ ಕಣ್ಣ ಮುಂದೆ ಆ ಒದ್ದೆ ಕೈಗಳು ಬಂದವು. ಸಾರಿಗೆ ಉಪ್ಪು ಸರಿಯಾಗಿತ್ತಾ ಅಂತ.

"ಹೂಂ" ಎಂದಳು. "ಬೇಡ ಅಂದಿದ್ದೆ."

ಮನೆಗೆ ಬಂದು ಎಡಗೈಯಲ್ಲೇ ಸೀಳಿನ ಹ್ಯಾಂಡಲನ್ನು ಮಿಷನ್ನಿಗೆ ಹಾಕಿದಳು. ತಿರುಪು ಹಿಡಿಯಲು ಬಲಗೈ ಬೇಕಾದಲ್ಲಿ ಹಲ್ಲು ಕಚ್ಚಿದಳು. ಹಿಡಿಯನ್ನು ಈಚೆಯ ತುದಿಗೆ ಜರುಗಿಸಿ, ನಟ್ಟನ್ನು ಬಿಗಿ ಮಾಡಿ, ಗಿಡ್ಡ ಹುಡುಗಿಯ ಮೊಣಕೈ ಎಲ್ಲಿಗೆ ಬಂದೀತೆಂದು ಅಂದಾಜು ಮಾಡಿ ಇನ್ನೂ ಕೊಂಚ ಸರಿಸಿದಳು. ಸ್ಟೂಲನ್ನು ಒರೆಸಿದಳು. ಸೂಜಿಗಳಿಗೆ ಎಣ್ಣೆ ಬಿಟ್ಟಳು. ಮಾಡುವುದಕ್ಕೆ ಇನ್ನೇನೂ ಉಳಿಯದೆ ಮೇಜಿನ ಪಕ್ಕದಲ್ಲಿ ಬಾಗಿಲ ಕಡೆ ಮುಖ ಮಾಡಿ ಕೂತಳು.

ಸೊಸೆ ಬಂದವಳು ಚಪ್ಪಲಿ ಬಿಡುತ್ತಲೇ ನೋಡಿದಳು. "ಹೊಸದಾ ಅತ್ತೆ?"

"ಹೂಂ. ಅದೇ, ಅವತ್ತು ನೋಡಿದ್ದು. ಹಿಡಿ ಜರುಗತ್ತೆ." ಉದ್ದಮ್ಮ ಬೆರಳಿನಿಂದ ನಟ್ಟನ್ನು ತೋರಿಸಿದಳು. "ಮೊದಲೇ ಇದನ್ನೇ ತರಬೇಕಿತ್ತು."

ಸೊಸೆ ಹತ್ತಿರ ಬಂದು ಬಗ್ಗಿದಳು. ಕಾರ್ಖಾನೆಯ ಮೇಜಿನ ಮೇಲೆ ಬೇರೆಯವರ ಹೊಲಿಗೆಯನ್ನು ನೋಡುವಾಗಲೂ ಹೀಗೆಯೇ ನೋಡುತ್ತಿದ್ದಳೋ ಏನೋ. ನಟ್ಟನ್ನು ಮುಟ್ಟಿ ಬಿಗಿಯಾಗಿದೆಯೇ ಎಂದು ಪರೀಕ್ಷಿಸಿದಳು. ಹಿಡಿಯನ್ನು ಹಿಡಿದು ಒಂದು ಸುತ್ತು ತಿರುಗಿಸಿದಳು. ಸೂಜಿಗಳು ಸದ್ದಿಲ್ಲದೆ ಎದ್ದು ಮುಳುಗಿದವು.

"ಚೆನ್ನಾಗಿದೆ" ಎಂದು ಸೊಸೆ ಕೈ ತೆಗೆದಳು. "ಯಾರನ್ನ ಕೂರಿಸ್ತೀರಾ?"

ಉದ್ದಮ್ಮ ಒರೆಸಿಟ್ಟ ಸ್ಟೂಲಿನ ಕಡೆ ನೋಡಿದಳು.

"ಅಲ್ಲ, ಯಾರನ್ನೂ ಇನ್ನೂ ಗೊತ್ತು ಮಾಡಿಲ್ಲ ಅಂದ್ರೆ ನಮ್ಮ ಕಾರ್ಖಾನೇಲಿ ಒಬ್ಬಾಕೆ ಇದ್ದಾಳೆ. ಅವಳ ತಂಗಿ ಕೆಲಸ ಹುಡುಕ್ತಿದ್ದಾಳಂತೆ. ಕೈ ಚುರುಕು ಅಂತ ಹೇಳ್ತಿದ್ದಳು. ಹೇಳಲಾ?"

ಅವಳ ಮುಖದಲ್ಲಿ ನೆರವಾಗುವ ಮನಸ್ಸಿನ ಹೊರತು ಬೇರೇನೂ ಇರಲಿಲ್ಲ.

"ನೋಡೋಣ" ಎಂದಳು ಉದ್ದಮ್ಮ.

ಸೊಸೆ ಕೊರಳಿನ ಅಳತೆಪಟ್ಟಿಯನ್ನು ಸುತ್ತಿ ಮೊಳೆಗೆ ಹಾಕಿ ಒಳಗೆ ಹೋದಳು. ಒಲೆ ಹಚ್ಚಿದ ಸದ್ದು, ನೀರು ಸುರಿದ ಸದ್ದು ಕೇಳಿಸಿತು. ಬೀದಿಯಲ್ಲಿ ಯಾರೋ ಅವಳನ್ನು ಕೂಗಿದರು, ಅವಳು ಒಳಗಿನಿಂದಲೇ ಏನೋ ತಮಾಷೆ ಮಾಡಿ ಉತ್ತರ ಕೊಟ್ಟಳು. ಸ್ವಲ್ಪ ಹೊತ್ತಿಗೆ ಚಹಾದ ಲೋಟ ಹಿಡಿದು ಬಂದಳು. ಮೇಜಿನ ಈ ಬದಿಯಲ್ಲಿ, ಉದ್ದಮ್ಮನ ಬಲಗೈ ಹತ್ತಿರ, ಬೇಕಾದಷ್ಟು ಜಾಗವಿತ್ತು. ಸೊಸೆ ಮೇಜನ್ನು ಬಳಸಿ ಆಚೆ ಬದಿಗೆ ನಡೆದು, ನೂಲಿನ ಉಂಡೆಗಳನ್ನು ಸರಿಸಿ, ಲೋಟವನ್ನು ಅತ್ತೆಯ ಎಡಗೈಗೆ ಎಟಕುವಂತೆ ಇಟ್ಟು ಹೋದಳು.